ಗೌರಿಬಿದನೂರಿನಿಂದ ಅವೇ ಮ್ಯಾಚಿಗೆ: ಮೊದಲ ಸಲ ಹೊರಡುವವರಿಗೆ

ಬೆಂಗಳೂರು ಎಫ್‌ಸಿ ಅಭಿಮಾನಿಗಳಲ್ಲಿ ಎರಡು ಬಗೆ. ಮೆಟ್ರೋದಲ್ಲಿ ಕಂಠೀರವಕ್ಕೆ ಬಂದು, ಮ್ಯಾಚ್ ಮುಗಿಸಿ, ದೋಸೆ ತಿಂದು, ಅದೇ ಮೆಟ್ರೋದಲ್ಲಿ ಮನೆ ಸೇರುವವರು ಒಂದು ಬಗೆ. 75ನೇ ನಿಮಿಷದಿಂದಲೇ ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ಗಡಿಯಾರದ ಮೇಲೆ ಇಟ್ಟುಕೊಂಡು ಕೂರುವ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಇನ್ನೊಂದು ಬಗೆ. ನಮಗೆ ಹೋಂ ಮ್ಯಾಚೂ ಅವೇ ಮ್ಯಾಚೇ. ಹೋಗಿ ಬರೋದೇ ಒಂದು ದಿನದ ಕೆಲಸ. ಆದರೆ ಇದರಲ್ಲೊಂದು ಲಾಭವಿದೆ. ಬೆಂಗಳೂರಿನ ಹುಡುಗರು ಮೊದಲ ಸಲ ಚೆನ್ನೈಗೋ ಕೊಚ್ಚಿಗೋ ಹೋದಾಗ ಒದ್ದಾಡಿ ಕಲಿಯುವುದನ್ನು ನಾವು ಕಂಠೀರವಕ್ಕೆ ಓಡಾಡಿಯೇ ಅರ್ಧ ಕಲಿತಿರುತ್ತೇವೆ. ಉಳಿದರ್ಧಕ್ಕೆ ಈ ಬರಹ.

ಇಷ್ಟು ದೂರ ಯಾಕೆ ಹೋಗಬೇಕು, ಟಿವಿಯಲ್ಲಿ ಬರುತ್ತಲ್ಲ ಎಂದು ಮನೆಯಲ್ಲಿ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಿ. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದದ್ದು 2014ರ ಏಪ್ರಿಲ್ 21ರಂದು, ಗೋವಾದ ಫತೋರ್ದಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ. ಐಎಸ್‌ಎಲ್ ಕಪ್ ಬಂದದ್ದು 2019ರ ಮಾರ್ಚ್ 17ರಂದು ಮುಂಬೈಯಲ್ಲಿ. ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಗೆ, 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟ, ಅಷ್ಟೇ. 2018ರ ಸೂಪರ್ ಕಪ್ ಭುವನೇಶ್ವರದಲ್ಲಿ, 2022ರ ಡುರಾಂಡ್ ಕಪ್ ಕೋಲ್ಕತ್ತದಲ್ಲಿ. 2016ರ ಐ-ಲೀಗ್ ಒಂದು ಕಂಠೀರವದಲ್ಲೇ ಕೈಸೇರಿತು ಅನ್ನಿ. ಹಾಗಂತ ಕಂಠೀರವ ಬಿಟ್ಟು ಕದಲದವರಿಗೆ ಸಿಕ್ಕ ಐಎಸ್‌ಎಲ್ ಫೈನಲ್ ಯಾವುದು? 2018ರ ಮಾರ್ಚ್ 17. ಚೆನ್ನೈಯಿನ್ ಎಫ್‌ಸಿ ನಮ್ಮ ಅಂಗಳಕ್ಕೇ ಬಂದು 3-2ರಿಂದ ಗೆದ್ದುಕೊಂಡು ಹೋದ ದಿನ.

ಹಂತ 1: ವಾಪಸ್ ಬರುವ ದಾರಿ ಮೊದಲು ಗೊತ್ತುಮಾಡಿ

ಹೊಸಬರು ಮೊದಲು ಮ್ಯಾಚ್ ಟಿಕೆಟ್ ಕೊಳ್ಳುತ್ತಾರೆ, ಆಮೇಲೆ ಹೋಗುವ ದಾರಿ ಹುಡುಕುತ್ತಾರೆ, ಬರುವ ದಾರಿಯನ್ನು ದೇವರಿಗೆ ಬಿಡುತ್ತಾರೆ. ತಲೆಕೆಳಗು ಮಾಡಿ. ಮ್ಯಾಚ್ ಮುಗಿದ ಮೇಲೆ ಹೇಗೆ ಬರುತ್ತೀರಿ ಎನ್ನುವುದು ತೀರ್ಮಾನವಾದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ.

ಲೆಕ್ಕ ಸರಳ. 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ, ಗಾಯ ಬದಲಾವಣೆ ಎಂದು ಸೇರುವ ಹೆಚ್ಚುವರಿ ನಿಮಿಷಗಳು, ಒಟ್ಟು ಎರಡು ಗಂಟೆಗೆ ಸ್ವಲ್ಪ ಕಡಿಮೆ. ಸಂಜೆ 7:30ಕ್ಕೆ ಕಿಕಾಫ್ ಆದರೆ 9:25ರ ಹೊತ್ತಿಗೆ ಕೊನೆಯ ವಿಸಿಲ್. ಗೇಟು ದಾಟಿ ರಸ್ತೆಗೆ ಬೀಳಲು ಇನ್ನೊಂದು ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಭಾವಿ ದಾಟಿ ನಮ್ಮೂರಿಗೆ ಬರುವ ಸಂಜೆಯ ಹಿಂದೂಪುರ ಪ್ಯಾಸೆಂಜರ್ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. 5 ಅಥವಾ 5:30ರ ಮ್ಯಾಚ್ ಆದರೆ ಮೆಜೆಸ್ಟಿಕ್ ಬಸ್ಸು ನಂಬಬಹುದು. 7:30ರದ್ದಾದರೆ ಮೂರೇ ದಾರಿ: ನಾಲ್ಕೈದು ಜನ ಸೇರಿ ಕಾರು, ಯಲಹಂಕದಲ್ಲೋ ಹೆಬ್ಬಾಳದಲ್ಲೋ ಇರುವ ನೆಂಟರ ಮನೆ, ಇಲ್ಲವೇ ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸಿಗೆ ಕಾಯುವುದು. ಕೊನೆಯ ಬಸ್ಸಿನ ಹೊತ್ತನ್ನು ಹೋಗುವಾಗಲೇ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೇಳಿಕೊಂಡುಬಿಡಿ. ವಾಟ್ಸಾಪ್‌ನಲ್ಲಿ ಸುತ್ತುವ ಹಳೇ ಟೈಂಟೇಬಲ್ ಫೋಟೋ ನಂಬಿಕೊಂಡು ರಾತ್ರಿ ಹತ್ತಕ್ಕೆ ಪ್ಲಾಟ್‌ಫಾರ್ಮಿಗೆ ಓಡಬೇಡಿ.

ಕಾರಿನ ದಾರಿ ಹಿಡಿದರೆ ಒಂದು ಮಾತು. ಓಡಿಸುವವನು ಮ್ಯಾಚಿನುದ್ದಕ್ಕೂ ಕುಣಿದು ಕೂಗಿ ದಣಿದಿರುತ್ತಾನೆ. ದೊಡ್ಡಬಳ್ಳಾಪುರ ದಾಟಿದ ಮೇಲೆ ಎದುರಿಗೆ ಕಲ್ಲಿನ ಲಾರಿಗಳು, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು. ಅರ್ಧ ದಾರಿಗೆ ಓಡಿಸುವವರನ್ನು ಬದಲಿಸಿ. ಅದಕ್ಕೆ ಒಪ್ಪದವನ ಕಾರು ಹತ್ತದಿರುವುದೇ ಮೇಲು.

ಹಂತ 2: ಕಂಠೀರವಕ್ಕೆ ಹೋಗುವ ದಾರಿ

ಗೌರಿಬಿದನೂರಿನವರಿಗೆ ರೈಲೇ ಸೊಗಸು. ಮೆಜೆಸ್ಟಿಕ್ ತನಕ ಬರುವ ರೈಲಾದರೆ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು ನೇರಳೆ ಮೆಟ್ರೋ ಹತ್ತಿ, ನಾಲ್ಕನೇ ನಿಲ್ದಾಣ ಕಬ್ಬನ್ ಪಾರ್ಕ್. ಯಶವಂತಪುರದಲ್ಲಿ ಇಳಿದರೆ ಹಸಿರು ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಬದಲಾವಣೆ. ಚಿಕ್ಕಬಳ್ಳಾಪುರದವರು ಬಳ್ಳಾರಿ ರಸ್ತೆ ಹಿಡಿದು ಬರುತ್ತಾರೆ. ಹೆಬ್ಬಾಳದ ಜಾಮಿಗೆ ಅರ್ಧ ಗಂಟೆ ದಂಡ ಕಟ್ಟಲು ತಯಾರಾಗಿಯೇ ಹೊರಡಿ. ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ ಮುಗಿಸಿಕೊಂಡು ಮಧ್ಯಾಹ್ನ ಹೊರಡುವವರಿಗೂ ಇದೇ ಮಾತು.

ಚಿಂತಾಮಣಿಯವರಿಗೆ 2023ರ ಅಕ್ಟೋಬರ್‌ನಿಂದ ಶುಕ್ರದೆಸೆ. ಹೊಸಕೋಟೆ ಮೇಲೆ ಬರುವ ಬಸ್ಸಿನಲ್ಲಿ ಕೆ.ಆರ್. ಪುರದಲ್ಲೇ ಇಳಿದು ನೇರಳೆ ಮೆಟ್ರೋ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್. ಮೊದಲು ಟಿನ್ ಫ್ಯಾಕ್ಟರಿ ಮುಂದೆ ಬಸ್ಸಿನಲ್ಲೇ ಕೂತು ಮೊದಲರ್ಧ ಕಳೆದುಕೊಂಡವರು ಎಷ್ಟೋ ಜನ.

ಕಬ್ಬನ್ ಪಾರ್ಕ್ ನಿಲ್ದಾಣದಿಂದ ಮೇಲೆ ಬಂದರೆ ಎದುರಿಗೆ ಕಾಣುವುದು ಚಿನ್ನಸ್ವಾಮಿ ಕ್ರಿಕೆಟ್ ಸ್ಟೇಡಿಯಂ. ಅದು ನಮ್ಮದಲ್ಲ. ಕಸ್ತೂರಬಾ ರಸ್ತೆ ಹಿಡಿದು ನಡೆಯಿರಿ. ಒಂದು ಕಾಲದ ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದಿರುವ ಕ್ರೀಡಾಂಗಣ ಕಂಠೀರವ. ಹದಿನೈದು ಇಪ್ಪತ್ತು ನಿಮಿಷದ ನಡಿಗೆ, ಹೆಚ್ಚಿನದೇನಲ್ಲ. ಅದೇ ದಿನ ಚಿನ್ನಸ್ವಾಮಿಯಲ್ಲೂ ಮ್ಯಾಚಿದೆಯಾ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಇದ್ದರೆ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ.

ಹಂತ 3: ಎಲ್ಲಿ ಕೂರಬೇಕು?

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಹೊಸಬರು ದುಡ್ಡು ದಂಡ ಮಾಡುವುದು ಇಲ್ಲೇ.

ಕಂಠೀರವ ಅಥ್ಲೆಟಿಕ್ಸ್ ಕ್ರೀಡಾಂಗಣ. ಹುಲ್ಲಿಗೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಸುತ್ತುಹಾಕಿದೆ. ಸಿನಿಮಾ ಥಿಯೇಟರಿನ ಬುದ್ಧಿ ಇಲ್ಲಿ ಒಂದು ಅರ್ಥದಲ್ಲಿ ಸರಿ: ಮುಂದಿನ ಸಾಲು ಕೆಟ್ಟದ್ದು. ಮೊದಲ ಕೆಲವು ಸಾಲಿನಲ್ಲಿ ಕೂತರೆ ಜಾಹೀರಾತಿನ ಹಲಗೆ, ಕ್ಯಾಮೆರಾದವರು, ಬದಲಿ ಆಟಗಾರರ ಬೆಂಚು ಎಲ್ಲ ಚೆನ್ನಾಗಿ ಕಾಣುತ್ತವೆ. ಆಚೆ ಬದಿಯ ವಿಂಗರ್ ಮಾತ್ರ ಬರೀ ಮಂಡಿಯಿಂದ ಮೇಲೆ ಕಾಣುತ್ತಾನೆ. ಆಟ ಓದಬೇಕೆಂದರೆ ಮೇಲಕ್ಕೆ ಹೋಗಿ. ಎತ್ತರದಿಂದ ನೋಡಿದರೆ ಡಿಫೆಂಡರುಗಳ ಗೆರೆ ಒಟ್ಟಿಗೆ ಮುಂದೆ ಬರುವುದು, ಮಿಡ್‌ಫೀಲ್ಡರ್ ಹಿಂದೆ ಇಳಿದು ಚೆಂಡು ಕೇಳುವುದು, ಚೆಂಡಿನಿಂದ ಮೂವತ್ತು ಗಜ ದೂರದಲ್ಲಿ ಸ್ಟ್ರೈಕರ್ ಸುಮ್ಮನೆ ಎಂಬಂತೆ ಜಾಗ ಬದಲಿಸುವುದು ಎಲ್ಲ ತೆರೆದಿಟ್ಟಂತೆ ಕಾಣುತ್ತದೆ. ಟಿವಿ ಇದನ್ನು ತೋರಿಸುವುದೇ ಇಲ್ಲ. ಅದು ಚೆಂಡಿನ ಬೆನ್ನು ಬಿದ್ದಿರುತ್ತದೆ. ಗೋಲು ಕಂಬದ ಹಿಂದಿನ ಸ್ಟ್ಯಾಂಡಿನಲ್ಲಿ ದೂರದ ಅಳತೆ ಸಿಗುವುದಿಲ್ಲ, ಆಚೆ ತುದಿಯಲ್ಲಿ ಗೋಲಾಯಿತೋ ಇಲ್ಲವೋ ಜನ ಕೂಗಿದ ಮೇಲೇ ಗೊತ್ತಾಗುತ್ತದೆ.

ಬಿಸಿಲಿನ ವಿಷಯ. ಸಂಜೆ 5ರ ಮ್ಯಾಚಿಗೆ ಪೂರ್ವದ ಸ್ಟ್ಯಾಂಡಿನಲ್ಲಿ ಕೂತವರ ಮುಖಕ್ಕೆ ಮುಳುಗುವ ಸೂರ್ಯ ನೇರ ಹೊಡೆಯುತ್ತಾನೆ. ಮೊದಲರ್ಧ ಪೂರಾ ಹಣೆಗೆ ಕೈ ಹಚ್ಚಿಕೊಂಡು ನೋಡಬೇಕು. ಪಶ್ಚಿಮದಲ್ಲಿ ಕೂತರೆ ಬಿಸಿಲು ಬೆನ್ನಿಗೆ. 7:30ರ ಮ್ಯಾಚಿಗೆ ಈ ಚಿಂತೆ ಇಲ್ಲ. ಮಳೆ ಬಂದರೆ ಎಲ್ಲ ಕಡೆ ಸೂರಿಲ್ಲ ಎನ್ನುವುದು ನೆನಪಿರಲಿ. ಛತ್ರಿ ಒಳಗೆ ಬಿಡದಿದ್ದರೆ ಮಡಚಿಟ್ಟ ರೇನ್‌ಕೋಟೇ ಗತಿ.

ಇನ್ನು ವೆಸ್ಟ್ ಬ್ಲಾಕ್ ಬ್ಲೂಸ್. ಕ್ಲಬ್ಬಿನ ಶುರುವಿನ ದಿನಗಳಲ್ಲಿ, ಕಂಠೀರವಕ್ಕೆ ಬರುವ ಮುಂಚೆ, ಮ್ಯಾಚುಗಳು ಅಶೋಕನಗರದ ಹಳೇ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೆಯುತ್ತಿದ್ದವು. ಅಲ್ಲಿನ ಪಶ್ಚಿಮದ ಗ್ಯಾಲರಿಯಲ್ಲಿ ಸೇರುತ್ತಿದ್ದವರ ಗುಂಪಿಗೆ ಆ ಹೆಸರು ಅಂಟಿಕೊಂಡಿತು. ಇವರ ನಡುವೆ ಟಿಕೆಟ್ ತೆಗೆದುಕೊಂಡರೆ ಸೀಟು ಇರುವುದು ಚೀಲ ಇಡಲಿಕ್ಕೆ. ತೊಂಬತ್ತು ನಿಮಿಷ ನಿಂತೇ ಇರಬೇಕು, ಡ್ರಮ್ ನಿಲ್ಲುವುದಿಲ್ಲ, ಮುಂದೆ ದೊಡ್ಡ ಬ್ಯಾನರ್ ಬಿಚ್ಚಿದರೆ ಕೆಲವು ನಿಮಿಷ ಏನೂ ಕಾಣುವುದಿಲ್ಲ. ದೂರಬೇಡಿ, ನೀವೇ ಕೇಳಿ ಕೊಂಡ ಜಾಗ ಅದು. ಚಿಕ್ಕ ಮಕ್ಕಳು, ಮಂಡಿನೋವಿನ ಅಪ್ಪ ಜೊತೆಗಿದ್ದರೆ ಬೇರೆ ಸ್ಟ್ಯಾಂಡ್ ತೆಗೆದುಕೊಳ್ಳಿ.

ನಿಂತು ನೋಡುವುದೋ ಕೂತು ನೋಡುವುದೋ ಎಂಬ ಜಗಳ ಬೇರೆ ಕಡೆ ತುಂಬ ಗಂಭೀರವಾದದ್ದು. ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 1989ರಲ್ಲಿ ಬೇಲಿಗೂ ಜನಕ್ಕೂ ನಡುವೆ ಸಿಕ್ಕಿ ನಜ್ಜುಗುಜ್ಜಾದವರಲ್ಲಿ 97 ಮಂದಿ ತೀರಿಕೊಂಡರು. ಅಲ್ಲಿಂದಾಚೆ ಅಲ್ಲಿನ ದೊಡ್ಡ ಮೈದಾನಗಳೆಲ್ಲ ಪೂರ್ತಿ ಕುರ್ಚಿಯವಾದವು. ಪ್ರತಿ ಸಾಲಿಗೂ ಕಂಬಿ ಹಾಕಿದ ನಿಲ್ಲುವ ಜಾಗಕ್ಕೆ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ. ನಮ್ಮಲ್ಲಿ ಆ ಕಂಬಿಯೂ ಇಲ್ಲ, ಆ ಕಟ್ಟುನಿಟ್ಟೂ ಇಲ್ಲ. ಆದ್ದರಿಂದ ಗೋಲಾದಾಗ ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತಿ ಕುಣಿಯುವ ಹುಡುಗನ ಮುಂದಿನ ಸಾಲಿನಲ್ಲಿ ನೀವಿರದಂತೆ ನೋಡಿಕೊಳ್ಳಿ. ಬಿದ್ದರೆ ಅವನು ನಿಮ್ಮ ಮೇಲೇ ಬೀಳುವುದು.

ಹಂತ 4: ಒಬ್ಬರೇ ಹೋಗಬೇಡಿ, ಹತ್ತಾರು ಜನರೂ ಬೇಡ

ಕಂಠೀರವದಲ್ಲಿ ಕೆಲವು ಮ್ಯಾಚ್ ನೋಡಿ ಕಾಲು ಕುದುರಿದ ಮೇಲೆ ಹೊರರಾಜ್ಯದ ಯೋಚನೆ. ನಾಲ್ಕು ಜನ ಸರಿಯಾದ ಲೆಕ್ಕ: ಒಂದು ಆಟೋಗೆ ಸ್ವಲ್ಪ ಹೆಚ್ಚು, ಒಂದು ಕಾರಿಗೆ ಸರಿ, ರೈಲಿನಲ್ಲಿ ಒಂದೇ ಕಡೆ ಬರ್ತ್ ಸಿಗುವ ಸಾಧ್ಯತೆ. ಹನ್ನೆರಡು ಜನ ಹೊರಟರೆ ಒಬ್ಬನಿಗೆ ಬಿರಿಯಾನಿ ಬೇಕು, ಒಬ್ಬನಿಗೆ ಬೀಚ್ ಬೇಕು, ಕಿಕಾಫ್ ಹೊತ್ತಿಗೆ ಅರ್ಧ ಜನ ಗೇಟಿನ ಹೊರಗೆ. ಅಭಿಮಾನಿ ಸಂಘಗಳು ಅವೇ ಪ್ರಯಾಣ ಏರ್ಪಡಿಸಿದರೆ ಅದೇ ಎಲ್ಲಕ್ಕಿಂತ ಸುಲಭ. ಅವರ ಸೋಷಿಯಲ್ ಮೀಡಿಯಾ ಪುಟ ನೋಡುತ್ತಿರಿ, ಕಂಠೀರವದಲ್ಲಿ ಡ್ರಮ್ಮಿನ ಪಕ್ಕ ನಿಂತವರನ್ನು ಮಾತಾಡಿಸಿ. ಗೌರಿಬಿದನೂರಿನಿಂದ ಬಂದಿದ್ದೇವೆ ಎಂದರೆ ಬೆಂಗಳೂರಿನವರಿಗೆ ಆಶ್ಚರ್ಯ. ಆ ಆಶ್ಚರ್ಯವನ್ನು ಸರಿಯಾಗಿ ಬಳಸಿಕೊಂಡರೆ ಬಸ್ಸಿನಲ್ಲಿ ಸೀಟು ಸಿಗುತ್ತದೆ.

ಹಂತ 5: ಮೊದಲ ಊರು ಯಾವುದು?

ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯೇ ಇಲ್ಲ. ಚೆನ್ನೈ.

ಚೆನ್ನೈಯ ಜವಾಹರಲಾಲ್ ನೆಹರು ಸ್ಟೇಡಿಯಂ ಇರುವುದು ಪೆರಿಯಮೇಟಿನಲ್ಲಿ, ಸೆಂಟ್ರಲ್ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಹೊರ ಊರಿನ ಅಭಿಮಾನಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಬೆಳಿಗ್ಗೆ ಬೆಂಗಳೂರಿನಿಂದ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ, ಮ್ಯಾಚ್ ನೋಡಿ, ರಾತ್ರಿ 11ರ ಆಸುಪಾಸು ಸೆಂಟ್ರಲ್‌ನಿಂದ ಹೊರಡುವ ಬೆಂಗಳೂರು ಮೇಲ್ ಹತ್ತಿದರೆ ಬೆಳಗಿನ ಜಾವ ಬೆಂಗಳೂರು. ಲಾಡ್ಜಿನ ಖರ್ಚಿಲ್ಲ. 7:30ರ ಮ್ಯಾಚಿಗೂ ಈ ಲೆಕ್ಕ ಕೂಡುತ್ತದೆ, ಆದರೆ ಮುಗಿದ ಮೇಲೆ ಸೆಲ್ಫಿ ತೆಗೆಯುತ್ತ ನಿಲ್ಲುವಂತಿಲ್ಲ. ನಾಕೌಟ್ ಪಂದ್ಯವಾದರೆ ಹೆಚ್ಚುವರಿ ಅರ್ಧ ಗಂಟೆ, ಪೆನಾಲ್ಟಿ ಎಲ್ಲ ಸೇರಬಹುದು. ಆಗ ಮೇಲ್ ನಂಬಬೇಡಿ, ಬೆಳಗಿನ ರೈಲು ಹಿಡಿಯಿರಿ. ಚೆನ್ನೈಯಿನ್ ಅಭಿಮಾನಿಗಳ ಜೊತೆ ಮೈದಾನದೊಳಗೆ ಬೈಗುಳವಿದೆ, ಹೊರಗೆ ಚಹಾ ಇದೆ. ಡರ್ಬಿ ಎನ್ನುವುದು ಹೀಗಿದ್ದರೇ ಚೆಂದ.

ಕೊಚ್ಚಿ ಎರಡನೆಯದಾಗಿರಲಿ. ಕಲೂರಿನ ಸ್ಟೇಡಿಯಂ ತುಂಬಿದರೆ ಎತ್ತ ನೋಡಿದರೂ ಹಳದಿ. ಮಂಜಪ್ಪಡ ಎಂಬ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳ ಕೂಗಿಗೆ ಪಕ್ಕದವನು ಹೇಳಿದ ಮಾತು ಕೇಳಿಸುವುದಿಲ್ಲ. ಒಮ್ಮೆ ಅನುಭವಿಸಲೇಬೇಕಾದ ಸದ್ದು ಅದು, ಎದುರು ಪಾಳಯದಲ್ಲಿ ನಿಂತು ಕೇಳಿದರೆ ಇನ್ನೂ ರುಚಿ. ಆದರೆ ಹಿಂದಿನ ಕಥೆ ಗೊತ್ತಿರಲಿ. 2023ರ ಮಾರ್ಚ್ 3ರಂದು ಕಂಠೀರವದ ಪ್ಲೇಆಫ್‌ನಲ್ಲಿ ಬ್ಲಾಸ್ಟರ್ಸ್ ಗೋಡೆ ಕಟ್ಟಿಕೊಳ್ಳುವ ಮುಂಚೆಯೇ ಸುನಿಲ್ ಛೇಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಒಪ್ಪದ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟೇಹೋಯಿತು. ಫುಟ್‌ಬಾಲ್ ಫೆಡರೇಷನ್ ಅವರಿಗೆ 4 ಕೋಟಿ ದಂಡ ಹಾಕಿತು. ಆ ಗೋಲಿನ ಬಗ್ಗೆ ಕೊಚ್ಚಿಯ ಆಟೋದಲ್ಲಿ ಚರ್ಚೆ ತೆಗೆಯಬೇಡಿ. ನಮ್ಮದೇ ಸರಿ ಎಂದು ನನಗೂ ಗೊತ್ತು, ಆದರೂ ಬೇಡ. 2024ರ ಅಕ್ಟೋಬರ್‌ನಲ್ಲಿ ಅದೇ ಕಲೂರಿನಲ್ಲಿ ನಮ್ಮವರು 3-1ರಿಂದ ಗೆದ್ದಾಗ ಹೋದವರಿಗೆ ಪ್ರಯಾಣದ ದುಡ್ಡು ಬಡ್ಡಿ ಸಮೇತ ವಾಪಸ್ಸಾಯಿತು.

ಕೊಚ್ಚಿಯ ದಾರಿ ಹೀಗೆ: ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಬಂಗಾರಪೇಟೆ, ಸೇಲಂ, ಪಾಲಕ್ಕಾಡ್ ಮೇಲೆ ಎರ್ನಾಕುಲಂ ಟೌನ್ ಮುಟ್ಟುತ್ತದೆ. ಚಿಂತಾಮಣಿ ಕಡೆಯವರು ಬೆಂಗಳೂರಿಗೆ ಹೋಗುವುದಕ್ಕಿಂತ ಬಂಗಾರಪೇಟೆಯಲ್ಲಿ ಹತ್ತುವುದು ಲೇಸು. ಎರ್ನಾಕುಲಂ ಟೌನಿನಲ್ಲಿ ಇಳಿದು ಹತ್ತಿರದ ಟೌನ್‌ಹಾಲ್ ಮೆಟ್ರೋ ನಿಲ್ದಾಣಕ್ಕೆ ನಡೆದರೆ ಎರಡನೇ ನಿಲ್ದಾಣವೇ ಜೆಎಲ್‌ಎನ್ ಸ್ಟೇಡಿಯಂ, ಮೈದಾನದ ಬಾಗಿಲಿಗೇ.

ಗೋವಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡಗಾಂವ್‌ನಲ್ಲಿ ಇಳಿದರೆ ಫತೋರ್ದಾ ಪಕ್ಕದಲ್ಲೇ. ಆದರೆ ಗೋವಾಕ್ಕೆ ಫುಟ್‌ಬಾಲ್ ನೋಡಲು ಹೋಗುತ್ತೇನೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ, ಅದೇ ತೊಂದರೆ.

ಒಂದು ಎಚ್ಚರಿಕೆ. ವೇಳಾಪಟ್ಟಿಯೂ ಮೈದಾನವೂ ಬದಲಾಗುತ್ತವೆ. 2025-26ರ ಐಎಸ್‌ಎಲ್ ಸೀಸನ್ನೇ ಎಷ್ಟೋ ತಿಂಗಳು ತಡವಾದದ್ದು ನೋಡಿದ್ದೇವೆ. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ ಎಂದು ಆ ದಿನವೇ ಮುಗಿಬೀಳಬೇಡಿ. ಮ್ಯಾಚಿನ ದಿನ, ಹೊತ್ತು, ಊರು ಮೂರೂ ಕ್ಲಬ್ಬಿನ ಪುಟದಲ್ಲಿ ಖಚಿತವಾದ ಮೇಲೆ ಬುಕ್ ಮಾಡಿ. ತತ್ಕಾಲ್ ನಂಬಿದರೆ ಆಧಾರ್ ಜೋಡಿಸಿದ ಖಾತೆ ಬೇಕು, ಸ್ಲೀಪರಿಗೆ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ಕಿಟಕಿ ತೆರೆಯುತ್ತದೆ.

ಹಂತ 6: ಅವೇ ಸ್ಟ್ಯಾಂಡಿನ ಟಿಕೆಟ್ಟೇ ತೆಗೆದುಕೊಳ್ಳಿ

ಹೊರ ಊರಿನಲ್ಲಿ ಜಾಗ ಆರಿಸುವಾಗ ಮೂರನೇ ಹಂತದಲ್ಲಿ ಹೇಳಿದ್ದನ್ನೆಲ್ಲ ಪಕ್ಕಕ್ಕಿಡಿ. ಬಿಸಿಲು, ಎತ್ತರ, ನೋಟ ಯಾವುದೂ ಮುಖ್ಯವಲ್ಲ. ಅವೇ ಸ್ಟ್ಯಾಂಡ್ ಎಲ್ಲಿದೆಯೋ ಅಲ್ಲಿ. ಸಾಮಾನ್ಯವಾಗಿ ಮೂಲೆಯಲ್ಲೇ ಕೊಡುತ್ತಾರೆ, ಒಳ್ಳೆಯ ಜಾಗವನ್ನು ಅತಿಥಿಗೆ ಯಾರೂ ಬಿಟ್ಟುಕೊಡುವುದಿಲ್ಲ. ಚೆನ್ನಾಗಿ ಕಾಣುತ್ತದೆ ಎಂದು ಎದುರು ತಂಡದವರ ನಡುವೆ ಟಿಕೆಟ್ ಕೊಂಡು, ನೀಲಿ ಜೆರ್ಸಿಯಲ್ಲಿ ಹೋಗಿ ಕೂತು, ಗೋಲಾದಾಗ ಎದ್ದು ಕುಣಿದರೆ ಪೊಲೀಸರು ಮೊದಲು ಎಬ್ಬಿಸುವುದು ನಿಮ್ಮನ್ನೇ. ತಪ್ಪು ಅವರದಲ್ಲ. ತಟಸ್ಥರಂತೆ ಬಿಳಿ ಅಂಗಿ ತೊಟ್ಟು ಕೂರುತ್ತೇನೆ ಎನ್ನುವವರಿದ್ದಾರೆ. ನಮ್ಮ ಗೋಲಿಗೆ ಕೈ ಕಟ್ಟಿಕೊಂಡು ಕೂರುವುದಾದರೆ ಅಷ್ಟು ದೂರ ಹೋದದ್ದೇಕೆ?

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಹೊರ ಊರಿನಿಂದ ಬರುವವರಿಗೆ ಇಷ್ಟು ಸೀಟು ಕೊಡಲೇಬೇಕೆಂಬ ನಿಯಮವಿದೆ. ಅವೇ ಟಿಕೆಟ್ 30 ಪೌಂಡಿಗಿಂತ ಹೆಚ್ಚಿರಬಾರದೆಂದು 2016ರಲ್ಲಿ ಅಭಿಮಾನಿಗಳು ಹೋರಾಡಿ ಪಡೆದುಕೊಂಡರು. ನಮ್ಮಲ್ಲಿ ಟಿಕೆಟ್ ಅಗ್ಗ, ಮಾಹಿತಿ ದುಬಾರಿ. ಯಾವ ಗೇಟು, ಯಾವ ಬ್ಲಾಕ್ ಎಂದು ಪಂದ್ಯದ ಹಿಂದಿನ ದಿನದ ತನಕ ಹೇಳದಿರುವುದುಂಟು. ಅಭಿಮಾನಿ ಸಂಘದವರನ್ನು ಕೇಳಿಯೇ ಕೊಳ್ಳಿ. ಗೇಟಿನ ಹೊರಗೆ ಮಾರುವವರಿಂದ ಮೊಬೈಲ್ ಸ್ಕ್ರೀನ್‌ಶಾಟ್ ಕೊಳ್ಳಬೇಡಿ. ಅದೇ ಕೋಡು ಇನ್ನೂ ಹತ್ತು ಜನರ ಬಳಿ ಇರುತ್ತದೆ, ಯಂತ್ರ ಒಬ್ಬರನ್ನು ಮಾತ್ರ ಬಿಡುತ್ತದೆ.

ಹಂತ 7: ಚೀಲ

ಚಿಕ್ಕದಾಗಿರಲಿ. ಟಿಕೆಟ್, ಆಧಾರ್, ಚಾರ್ಜ್ ತುಂಬಿದ ಫೋನು, ಬದಲಿ ಅಂಗಿ. ಜೆರ್ಸಿ ಚೀಲದಲ್ಲಿರಲಿ, ಸ್ಟೇಡಿಯಂ ಹತ್ತಿರ ನಮ್ಮವರ ಗುಂಪು ಸಿಕ್ಕ ಮೇಲೆ ತೊಡಿ. ನೀರಿನ ಬಾಟಲಿ, ಲೈಟರ್, ಪವರ್‌ಬ್ಯಾಂಕ್, ಬಾವುಟದ ಕೋಲು ಸಾಮಾನ್ಯವಾಗಿ ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ. ನಮ್ಮ ಕಡೆಯವರು ಮರೆಯುವ ವಸ್ತು ಹೆಲ್ಮೆಟ್. ಬೈಕಿನಲ್ಲಿ ಕಂಠೀರವದ ತನಕ ಬಂದು, ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ಗೇಟಿನಲ್ಲಿ ವಾದ ಮಾಡುತ್ತ ನಿಂತವರನ್ನು ಪ್ರತಿ ಮ್ಯಾಚಿನಲ್ಲೂ ಕಾಣಬಹುದು. ಬೈಕನ್ನು ಗೌರಿಬಿದನೂರು ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಬಿಟ್ಟು, ಹೆಲ್ಮೆಟ್ ಅಲ್ಲೇ ಲಾಕ್ ಮಾಡಿ ಬನ್ನಿ.

ರೈಲಿಗೆ ಬುತ್ತಿ ಕಟ್ಟಿ: ಚಿತ್ರಾನ್ನ, ಚಪಾತಿ, ಹುರಿದ ಕಡಲೆಕಾಯಿ. ಹುಳಿ ಮೊಸರನ್ನ ಮಾರ್ಚಿನ ಸೆಕೆಯಲ್ಲಿ ಬೇಡ.

ಹಂತ 8: ಗೇಟು

ಕಿಕಾಫ್‌ಗೆ ಒಂದೂವರೆ ಗಂಟೆ ಮುಂಚೆ ಗೇಟಿನ ಬಳಿ ಇರಿ. ಮೈಕೈ ತಡಕಾಟ, ಟಿಕೆಟ್ ಸ್ಕ್ಯಾನ್, ಶೌಚಾಲಯದ ಸಾಲು ಎಲ್ಲಕ್ಕೂ ಹೊತ್ತು ಬೇಕು. ವಿರಾಮದಲ್ಲಿ ಶೌಚಾಲಯಕ್ಕೆ ಹೋಗುತ್ತೇನೆಂದು ಕೂತರೆ ಎರಡನೇ ಅರ್ಧದ ಮೊದಲ ಹತ್ತು ನಿಮಿಷ ಹೋಯಿತು. 40ನೇ ನಿಮಿಷಕ್ಕೇ ಎದ್ದು ಹೋಗುವ ಧೈರ್ಯ ಮಾಡಿ. ಹೆಂಗಸರ ಜೊತೆ ಹೋಗುವವರು ಮೊದಲೇ ಮಹಿಳಾ ಶೌಚಾಲಯ ಯಾವ ಬದಿಗೆಂದು ಸ್ವಯಂಸೇವಕರನ್ನು ಕೇಳಿಕೊಳ್ಳಿ. ಎಲ್ಲ ಸ್ಟ್ಯಾಂಡಿನಲ್ಲೂ ಹತ್ತಿರ ಇರುವುದಿಲ್ಲ.

2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳ ಹೊರಗೆ ಆರ್‌ಸಿಬಿ ವಿಜಯೋತ್ಸವಕ್ಕೆ ಸೇರಿದ ಜನರಲ್ಲಿ 11 ಮಂದಿ ನೂಕುನುಗ್ಗಲಿಗೆ ಸಿಕ್ಕಿ ಸತ್ತರು. ಕಂಠೀರವಕ್ಕೆ ಹೋಗುವ ದಾರಿಯಲ್ಲೇ ಇದೆ ಆ ಜಾಗ. ಫುಟ್‌ಬಾಲಿಗೆ ಆ ಪಾಟಿ ಜನ ಬರುವುದಿಲ್ಲ ನಿಜ. ಆದರೆ ಜನ ಹೆಚ್ಚು ಎಂಬುದಕ್ಕಿಂತ ಮುಚ್ಚಿದ ಗೇಟಿನ ಮುಂದೆ ಹಿಂದಿನಿಂದ ತಳ್ಳುವುದೇ ಅಪಾಯ. ಗೇಟು ತೆರೆದಿಲ್ಲ, ಹಿಂದೆ ಒತ್ತಡ ಹೆಚ್ಚುತ್ತಿದೆ ಎನಿಸಿದರೆ ಟಿಕೆಟ್ ಹೋದರೂ ಹೋಗಲಿ, ಪಕ್ಕಕ್ಕೆ ಸರಿದು ಹೊರಬನ್ನಿ. ಎದೆಯ ಮುಂದೆ ಎರಡೂ ಕೈ ಮಡಚಿ ಹಿಡಿದರೆ ಉಸಿರಾಡಲು ಜಾಗ ಉಳಿಯುತ್ತದೆ. ಗೋಡೆ, ಬ್ಯಾರಿಕೇಡ್ ಕಡೆಗೆ ಹೋಗಬೇಡಿ. ಮಕ್ಕಳನ್ನು ಕೈ ಹಿಡಿದು ನಡೆಸುವ ಬದಲು ಎತ್ತಿಕೊಳ್ಳಿ.

ಹಂತ 9: ಒಳಗೆ

ಅವೇ ಸ್ಟ್ಯಾಂಡಿನಲ್ಲಿ ನೂರು ಜನ ಇದ್ದರೂ ಟಿವಿಯಲ್ಲಿ ಕೇಳಿಸಬೇಕೆಂದರೆ ಒಟ್ಟಿಗೆ ಕೂಗಬೇಕು. ಡ್ರಮ್ ಹೊಡೆಯುವವನ ಕೈ ನೋಡಿ, ಅವನು ಎತ್ತಿದಾಗ ಎತ್ತಿ. ಹಾಡು ಗೊತ್ತಿಲ್ಲದಿದ್ದರೆ ಮೊದಲರ್ಧ ಚಪ್ಪಾಳೆ ಸಾಕು. ಕನ್ನಡದ ಕೂಗು ಎದ್ದಾಗ ಮಾತ್ರ ನಮ್ಮ ಕಡೆಯವರು ಹಿಂದೆ ಬೀಳಬಾರದು. ತೆಲುಗು ಬೆರೆತ ನಮ್ಮ ಕನ್ನಡಕ್ಕೆ ಗಂಟಲು ಜೋರಿದೆ. ಎದುರು ಆಟಗಾರನ ಬಣ್ಣ, ಊರು, ಭಾಷೆ, ತಾಯಿಯ ಮೇಲೆ ಕೂಗುವವರ ಪಕ್ಕದಿಂದ ಎದ್ದು ಬನ್ನಿ. ಮೈದಾನಕ್ಕೆ ಏನನ್ನೂ ಎಸೆಯಬೇಡಿ. ಎಸೆದವನು ಓಡಿಹೋಗುತ್ತಾನೆ, ದಂಡ ಕ್ಲಬ್ಬಿಗೆ ಬೀಳುತ್ತದೆ.

ಹಂತ 10: ಕೊನೆಯ ವಿಸಿಲ್ ಆದ ಮೇಲೆ

ಮ್ಯಾಚ್ ಬಿಗಿಯಾಗಿದ್ದರೆ ಅವೇ ಅಭಿಮಾನಿಗಳನ್ನು ಪೊಲೀಸರು ಸ್ವಲ್ಪ ಹೊತ್ತು ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ಊರಿನ ಜನ ಚದುರಿದ ಮೇಲೆ ಬಿಡಬಹುದು. ರೈಲಿನ ಹೊತ್ತಿಗೆ ಈ ಅರ್ಧ ಗಂಟೆಯನ್ನೂ ಸೇರಿಸಿಕೊಂಡು ಲೆಕ್ಕ ಹಾಕಿರಬೇಕು. ಹೊರಗೆ ಬಂದ ಕೂಡಲೇ ಜೆರ್ಸಿ ಮೇಲೆ ಅಂಗಿ. ಗೆದ್ದಿದ್ದರೆ ರಸ್ತೆಯಲ್ಲಿ ಕೂಗು ಬೇಡ, ರೈಲಿನಲ್ಲಿ ಬೇಕಾದಷ್ಟು ಹೊತ್ತಿದೆ. ಅಲ್ಲೂ ಹತ್ತು ಗಂಟೆ ಮೇಲೆ ಮಲಗಿದವರನ್ನು ಎಬ್ಬಿಸಬೇಡಿ.

ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದವರು ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ಹಿಂದೂಪುರದ ಕಡೆಯ ಮೊದಲ ಗಾಡಿ ಯಾವುದು, ಎಲ್ಲಿಂದ ಎಂದು ನೋಡಿ. ಕೆಲವು ಮೆಜೆಸ್ಟಿಕ್ಕಿಗೆ ಬರುವುದೇ ಇಲ್ಲ, ಯಶವಂತಪುರಕ್ಕೋ ಯಲಹಂಕಕ್ಕೋ ಹೋಗಿ ಹಿಡಿಯಬೇಕಾಗುತ್ತದೆ. ಕಿಟಕಿ ಪಕ್ಕ ಕೂತು ನಿದ್ದೆ ಹೋಗುವವರು ತೊಂಡೇಭಾವಿಗೆ ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಚ್ಚರಾಗುವುದು ಆಂಧ್ರದಲ್ಲಿ. ಆ ದಿನ ಬೆಳಗಿನ ಪಾಳಿಯ ಡ್ಯೂಟಿಯನ್ನು ಯಾವ ಕಾರಣಕ್ಕೂ ಒಪ್ಪಿಕೊಳ್ಳಬೇಡಿ, ಮಧ್ಯಾಹ್ನದ್ದಕ್ಕೆ ಬದಲಿಸಿಕೊಳ್ಳಿ. ಸಂಜೆ ಖರ್ಚಿನ ಲೆಕ್ಕ ಬರೆದು ನಾಲ್ಕು ಜನ ಹಂಚಿಕೊಂಡುಬಿಡಿ. ಅದನ್ನು ಮುಂದಿನ ಮ್ಯಾಚಿನ ತನಕ ಎಳೆದರೆ ಮುಂದಿನ ಮ್ಯಾಚಿಗೆ ಮೂರೇ ಜನ ಇರುತ್ತೀರಿ.